ಕುರ್ಚಿಯಗಲದ ದಾರಿ

ಜನವರಿ ೧೧

ಅಕ್ಕ,

ಈ ಕಾಗದ ಓದಿ ಮುಗಿಸಿದ ಮೇಲೆ ಮುಂದಿನ ಕೋಣೆಯ ಕಿಟಕಿ ತೆಗೆದಿಡು, ಸ್ವಲ್ಪ ಗಾಳಿ ಆಡಲಿ. ಇನ್ಮೇಲೆ ಅಲ್ಲಿ ನಾನಿರೋದು.

ಹೌದು, ಸುದ್ದಿ ನನಗೂ ಮುಟ್ಟಿದೆ. ನೀನಂತೂ ಹೇಳಲಿಲ್ಲ. ಹೆಡ್‌ಮೇಷ್ಟ್ರ ಅಳಿಯ ಯಾರನ್ನೋ ನೋಡೋಕೆ ಆಸ್ಪತ್ರೆಗೆ, ಈ ವಾರ್ಡಿಗೆ ಬಂದಿದ್ದ, ಅವನ ಬಾಯಿಂದ ಬಂತು. ನಮ್ಮ ಹಗ್ಗದ ದಾರಿ ರಿಪೇರಿ ಆಗುತ್ತಂತೆ, ಸೇತುವೆಯಿಂದ ಹಿಡಿದು ನಮ್ಮ ಮನೆ ದಾಟಿ ಹಳೇ ತೂಬಿನವರೆಗೂ. ಊರವರು ಓಡಾಡೋಕೆ, ಮುದುಕರು ಕೂತ್ಕೊಳ್ಳೋಕೆ, ಮಕ್ಕಳು ಸೈಕಲ್ ಹೊಡೆಯೋಕೆ. ಅದಕ್ಕೊಂದು ಸಮಿತಿ ಬೇರೆ. ಮೇಷ್ಟ್ರು ಅಧ್ಯಕ್ಷರು, ನೀನು ಕಾರ್ಯದರ್ಶಿ! ಇಡೀ ವಾರ್ಡಿಗೆ ಕೇಳೋ ಹಾಗೆ ನಕ್ಕುಬಿಟ್ಟೆ ಕಣಕ್ಕ. ಅಮ್ಮನ ಬೆಡ್‌ಪ್ಯಾನ್ ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದ ಕೈಲಿ ಈಗ ಫೈಲು.

ಇರಲಿ. ತಾತನ ಕಾಲದಲ್ಲಿ ಎತ್ತುಗಳು ಹಗ್ಗ ಕಟ್ಟಿಸ್ಕೊಂಡು ದೋಣಿ ಎಳೀತಾ ಹೋದ ದಾರಿ ಅದು. ಆಮೇಲೆ ಯಾರು ನೋಡಿದ್ರು ಅದನ್ನ? ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಜೌಗು, ಮಧ್ಯೆ ಮೊಣಕಾಲು ಕೆಸರು. ರಸ್ತೆ ಸೇತುವೆಗೇ ಮುಗಿಯುತ್ತೆ, ಗಾಡಿ ಮನೆವರೆಗೆ ಬರಲ್ಲ. ಕ್ರೇನಿಂದ ಬಿದ್ದು ಸೊಂಟದ ಕೆಳಗೆ ಸತ್ತುಹೋದವನು ನಾನು ಮನೆಗೆ ಬರಲಾಗದೆ ಇಲ್ಲಿ ಕೊಳೀತಾ ಇರೋದು ಆ ಕೆಸರಿನ ದೆಸೆಯಿಂದ ತಾನೆ? ನೀನೇ ಬರೆದಿದ್ದೆ, 'ದಾರಿಯೊಂದು ಸರಿಯಿದ್ದಿದ್ರೆ ನಾಳೆನೇ ಕರ್ಕೊಂಡು ಬರ್ತಿದ್ದೆ' ಅಂತ. ಈಗ ದಾರಿ ಸರಿಯಾಗ್ತಿದೆ.

ಅಮ್ಮನ ಕಬ್ಬಿಣದ ಮಂಚ ಕಿಟಕಿ ಪಕ್ಕಕ್ಕೆ ಎಳೆದು ಹಾಕು. ಬೆಳಗಾಗ್ತಿದ್ದ ಹಾಗೆ ಬಿಸಿನೀರು ಬೇಕು. ಹೊತ್ತುಹೊತ್ತಿಗೆ ಹೊರಳಿಸಬೇಕು, ಇಲ್ಲದಿದ್ರೆ ಚರ್ಮ ಕೊಳೆತು ಹುಣ್ಣಾಗುತ್ತೆ. ಅಮ್ಮನ್ನ ನೋಡ್ಕೊಂಡವಳಿಗೆ ನಾನೇನು ಹೇಳಿಕೊಡೋದು. ನಿನಗೂ ಬೇರೆ ಏನಿದೆ ಕೆಲಸ, ಗಂಡನೋ ಮಕ್ಕಳೋ? ನಾನು ಬಂದ್ರೆ ಮನೇಲಿ ಒಂದು ಸದ್ದಾದ್ರೂ ಇರುತ್ತೆ.

ನಿನ್ನ ತಮ್ಮ


ಫೆಬ್ರವರಿ ೨

ದೊರೆಗೆ,

ಕೂತಲ್ಲಿಗೇ ನೀರು ತರಿಸ್ಕೋತಿದ್ದ ಹುಡುಗನಿಗೆ ಅಮ್ಮ ಇಟ್ಟ ಹೆಸರೇ ಸರಿ, ಬೇರೆ ಹೆಸರು ನನ್ನ ಬಾಯಿಗೆ ಹೊರಳಲ್ಲ. ಫೋನ್ ಯಾಕೆ ಎತ್ತಲ್ಲ ಅಂತ ನರ್ಸಮ್ಮನ ಕೈಲಿ ಕೇಳಿಸಿದ್ದೀಯ. ಫೋನಲ್ಲಿ ನೀನೊಬ್ಬನೇ ಮಾತಾಡ್ತೀಯ. ಕಾಗದದಲ್ಲಾದ್ರೆ ನನ್ನ ಸರದಿಯೂ ಬರುತ್ತೆ.

ದಾರಿ ವಿಷಯ ಯಾಕೆ ಹೇಳಲಿಲ್ಲ ಅಂದ್ರೆ, ಆಗೋದೇ ಅನುಮಾನ ಇತ್ತು. ಈಗಲೂ ಇದೆ ಅನ್ನು. ಗಿಡಗಂಟಿ ಕಡಿದಿದ್ದಾರೆ, ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿದ್ದಾನೆ, ಅಷ್ಟೇ. ಭಾನುವಾರ ಭಾನುವಾರ ಊರಿನ ಹೆಂಗಸರೆಲ್ಲ ಗುದ್ದಲಿ ಹಿಡ್ಕೊಂಡು ಬರ್ತಾರೆ. ಬೇಕರಿಯವಳಂತೂ ಒಂದು ಬುಟ್ಟಿ ಮಣ್ಣಿಗೆ ಮೂರು ಬುಟ್ಟಿ ಮಾತು ಹೊರ್ತಾಳೆ. ಕೆಲಸ ಮುಗಿದ ಮೇಲೆ ನಮ್ಮ ಮನೆ ಮುಂದೇನೇ ಎಲ್ಲರೂ ಕೂರೋದು. ಮೊನ್ನೆ ಅವರ ಜೊತೆ ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡ್ಕೊಂಡುಬಿಡ್ತು. ಈ ವಯಸ್ಸಿಗೆ ಬೇಕಿತ್ತಾ ಅನ್ನು.

ಮುಂದಿನ ಕೋಣೆಯ ಕಿಟಕಿ ತೆಗೆದೇ ಇದೆ. ಅಮ್ಮ ಹೋದ ಮಾರನೇ ದಿನ ತೆಗೆದಿದ್ದು, ಮತ್ತೆ ಮುಚ್ಚಿಲ್ಲ. ಮಂಚ ಹಿತ್ತಲಲ್ಲಿದೆ, ಅದರ ಮೇಲೆ ಮೇಸ್ತ್ರಿ ಸಿಮೆಂಟ್ ಚೀಲ ಪೇರಿಸಿದ್ದಾನೆ.

ನಿನಗೆ ಆತುರ ಬೇಡ. ಅಲ್ಲಿ ಕೂಗಿದ್ರೆ ಡಾಕ್ಟರು ಬರ್ತಾರೆ. ಇಲ್ಲಿ ಕೂಗಿದ್ರೆ ಕಪ್ಪೆ ಓಗೊಡುತ್ತೆ. ಯೋಚನೆ ಮಾಡು.

ಅಕ್ಕ


ಫೆಬ್ರವರಿ ೨೦

ಅಕ್ಕ,

ಯೋಚನೆ ಮಾಡೋದು ಬಿಟ್ಟು ಇಲ್ಲಿ ಬೇರೆ ಏನು ಕೆಲಸ ಇದೆ ನನಗೆ? ನನ್ನ ಆರೋಗ್ಯದ ಬಗ್ಗೆ ನಿನಗೆ ಹೆದರಿಕೆ, ಅದು ಗೊತ್ತಾಗುತ್ತೆ. ಮೊದಲಿಂದಲೂ ನೀನು ಹೆದರುಪುಕ್ಕಿ. ನಾನು ಬಂದು ಕೂತ್ರೆ ಎಲ್ಲಾ ಸರಿಹೋಗುತ್ತೆ.

ಈಗ ಕೆಲಸದ ಮಾತು. ಊರಿನವರ ಕೆಲಸ, ಕುಣಿಯಲಾರದವರಿಗೆ ನೆಲ ಡೊಂಕು. ಆಮೇಲೆ 'ಅಯ್ಯೋ ಅಗಲ ಸಾಲಲಿಲ್ಲ' ಅನ್ನೋ ಪೈಕಿ. ಅದಕ್ಕೇ ಈ ಲಕೋಟೆಯೊಳಗೆ ಒಂದು ಶೂ ಲೇಸು ಇಟ್ಟಿದ್ದೀನಿ ನೋಡು. ನನ್ನದೇ, ಬಿದ್ದ ದಿನ ಹಾಕ್ಕೊಂಡಿದ್ದು. ಇನ್ನು ನನಗೆ ಶೂ ಯಾಕೆ? ಕುರ್ಚಿಯ ಈ ಗಾಲಿಯ ಹೊರಗಿಂದ ಆ ಗಾಲಿಯ ಹೊರಗಿನವರೆಗೆ ಅಳೆದು ಕತ್ತರಿಸಿದ್ದೀನಿ. ಎರಡೂ ತುದಿಗೆ ಅಪ್ಪನ ಗಂಟು ಹಾಕಿದ್ದೀನಿ, ತೂಬಿನ ಬಾಗಿಲ ಹಗ್ಗಕ್ಕೆ ಹಾಕ್ತಿದ್ನಲ್ಲ, ನೆನೆದಷ್ಟೂ ಬಿಗಿಯೋದು, ಅದು. ಈಗ ಭೂಮಿ ಮೇಲೆ ಅದು ಬರೋದು ನಿನಗೂ ನನಗೂ ಮಾತ್ರ. ಮೇಸ್ತ್ರಿಗೆ ಕೊಡು. ಎಲ್ಲೆಲ್ಲಿ ದಾರಿ ಇಕ್ಕಟ್ಟಾಗುತ್ತೋ ಅಲ್ಲೆಲ್ಲ ಈ ಲೇಸು ಹಿಡಿದು ನೋಡ್ಲಿ, ಗಂಟಿಂದ ಗಂಟಿಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನ ಕಾಲು ಚಾಚಿದ್ದು ಚಾಚಿದ ಹಾಗೇ ಇದೆ, ಮಡಚಬೇಕಾದವಳು ನೀನು. ಮಂಚದ ಮೇಲಿನ ಸಿಮೆಂಟ್ ಇಳಿಸು.

ನಿನ್ನ ತಮ್ಮ


ಏಪ್ರಿಲ್ ೨೮

ದೊರೆಗೆ,

ಲೇಸು ಸಿಕ್ಕಿತು. ಜೋಪಾನವಾಗಿದೆ.

ನಡುವೆ ಬರೆಯೋಕೆ ಆಗಲಿಲ್ಲ, ಕೈ ತುಂಬಾ ಕೆಲಸ. ನೀನು ಹಾಕಿದ ಮೂರು ಕಾಗದಗಳೂ ಬಂದಿವೆ, ಎಲ್ಲದರಲ್ಲೂ ಬಿಸಿನೀರು, ಮಂಚ.

ದಾರಿ ನೋಡಿದ್ರೆ ನಿನಗೆ ಗುರುತೇ ಸಿಗಲ್ಲ ಕಣೋ. ಜಲ್ಲಿ ಹಾಸಿ, ಕೆಮ್ಮಣ್ಣು ಹರಡಿ, ದಮ್ಮಸು ಮಾಡಿದ್ದಾರೆ. ಚಪ್ಪಲಿಗೆ ಚೂರೂ ಕೆಸರು ಅಂಟಲ್ಲ. ನೀರಿನ ಕಡೆ ದಂಡೆ ಕುಸಿದಿದ್ದ ಕಡೆಯೆಲ್ಲ ಕಲ್ಲು ಕಟ್ಟಿದ್ದಾರೆ. ಎತ್ತಿನ ಹಗ್ಗ ಉಜ್ಜಿ ಉಜ್ಜಿ ಗೀರು ಬಿದ್ದಿದ್ದ ಹಳೇ ಕಂಬಗಳನ್ನ ಕೀಳೋದು ಬೇಡ ಅಂದೆ, ಉಳಿಸ್ಕೊಂಡಿದ್ದಾರೆ. ನಮ್ಮ ಮನೆ ಹತ್ತಿರವೇ ಒಂದು ಕಲ್ಲು ಬೆಂಚು. ಸಂಜೆ ಸಂಜೆ ನಾನು ಸೇತುವೆವರೆಗೆ ಹೋಗಿ ಬರ್ತೀನಿ. ಏನು ಕೆಲಸಕ್ಕೆ ಅಂತ ಕೇಳಿದ್ರೆ ಏನೂ ಇಲ್ಲ, ಸುಮ್ಮನೆ. ಹುಟ್ಟಿದಾಗಿಂದ ಆ ದಾರೀಲಿ ಔಷಧಿಗೆ, ಸೀಮೆಎಣ್ಣೆಗೆ, ಡಾಕ್ಟರನ್ನ ಕರೆಯೋಕೆ ಓಡಿದ್ದೇ ಆಯ್ತು. ಸುಮ್ಮನೆ ನಡೆದದ್ದು ಇದೇ ಮೊದಲು.

ಒಂದು ತಲೆನೋವು ಶುರುವಾಗಿದೆ. ದಾರಿ ನುಣ್ಣಗಾದದ್ದೇ ತಡ, ಪಡ್ಡೆ ಹುಡುಗರು ಬೈಕ್ ನುಗ್ಗಿಸ್ತಾರೆ. ಹೋದ ವಾರ ಮೇಷ್ಟ್ರ ಹೆಂಡತಿಗೆ ಗುದ್ದಿ, ಆಯಮ್ಮ ಕಾಲುವೆಗೆ ಬಿದ್ದು, ಬೇಕರಿಯವಳು ಸೆರಗು ಎಸೆದು ಎಳ್ಕೊಂಡಳು. ಸಮಿತಿ ತೀರ್ಮಾನ ಮಾಡಿದೆ. ಸೇತುವೆ ಹತ್ತಿರ, ದಾರಿ ಶುರುವಾಗೋ ಕಡೆ, ಎದೆಯೆತ್ತರದ ಎರಡು ಕಲ್ಲುಕಂಬ ನಿಲ್ಲಿಸೋದು. ಮಧ್ಯೆ ಮನುಷ್ಯರು, ಸೈಕಲ್ಲು ತೂರಬೇಕು, ಬೈಕ್ ತೂರಬಾರದು. ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂದ್ರು ಮೇಷ್ಟ್ರು. ಎಷ್ಟು ಸಂದಿ ಬಿಡಬೇಕು ಅನ್ನೋದನ್ನ ನನಗೇ ಬಿಟ್ಟಿದ್ದಾರೆ.

ಅಕ್ಕ


ಮೇ ೯

ಅಕ್ಕ,

ನಿನಗೇ ಬಿಟ್ಟಿದ್ದಾರೆ ಅಂತ ಓದಿ ನೆಮ್ಮದಿಯಾಯ್ತು. ನೋಡಿದ್ಯಾ, ನಾನು ಲೇಸು ಕಳಿಸದೇ ಇದ್ದಿದ್ರೆ ಆ ಮೇಷ್ಟ್ರು ಬೈಕಿನ ಜೊತೆ ನನ್ನನ್ನೂ ಆಚೆ ನಿಲ್ಲಿಸ್ತಿದ್ರು.

ಇನ್ನೊಂದು ವಿಷಯ, ಖುಷಿ ವಿಷಯ. ಡಾಕ್ಟರ ಹತ್ರ ಮಾತಾಡಿದೆ. ಮನೇಲಿ ನೋಡ್ಕೊಳ್ಳೋರು ಇದ್ದಾರಾ ಅಂದ್ರು. ಅಕ್ಕ ಇದ್ದಾಳೆ, ಅವಳಿಗೆ ಇದೇ ಬದುಕು ಅಂದೆ. ಹಾಗಾದ್ರೆ ಹಾಸಿಗೆ ಬಿಟ್ಟುಕೊಡಿ, ಕಾಯೋರು ಬೇಕಾದಷ್ಟಿದ್ದಾರೆ ಅಂದ್ರು. ಬಿಟ್ಟುಕೊಟ್ಟು ಸಹಿ ಹಾಕಿದ್ದೀನಿ. ಜೂನ್ ಶುರುವಿಗೆ ಹೊರಡೋದು.

ಕಿಟಕಿ ಪಕ್ಕ ಮಲಗಿ ನೀರು ನೋಡ್ತೀನಿ ಅನ್ನೋದನ್ನ ನೆನೆಸ್ಕೊಂಡ್ರೆ ನನಗೆ ನಿದ್ದೆ ಬರಲ್ಲ. ಇಲ್ಲಿ ಕಿಟಕಿಯಾಚೆ ಒಂದು ಗೋಡೆ, ಅದರಾಚೆ ಇನ್ನೊಂದು ಗೋಡೆ. ನಾನು ಹೇಳೋದು ಏನೂಂದ್ರೆ, ನನಗೆ ಮನೆ ಬೇಕು ಅಕ್ಕ. ಬೇರೆ ಏನೂ ಬೇಡ.

ಹುಣ್ಣಿಗೆ ಹಚ್ಚೋ ಮುಲಾಮು ಅಲ್ಲಿ ಸಿಗುತ್ತಾ, ಇಲ್ಲಿಂದಲೇ ತರಲಾ, ತಿಳಿಸು.

ನಿನ್ನ ತಮ್ಮ


ಮೇ ೨೧

ದೊರೆಗೆ,

ನನ್ನನ್ನ ಒಂದು ಮಾತು ಕೇಳದೆ ಸಹಿ ಹಾಕಿದ್ದೀಯ. ಸರಿ.

ಜೂನ್ ಒಂದಕ್ಕೆ ಉದ್ಘಾಟನೆ. ಅವತ್ತೇ ಬಾ. ಊರೆಲ್ಲಾ ಇರ್ತಾರೆ.

ಮುಲಾಮು ಇಲ್ಲಿ ಸಿಗಲ್ಲ.

ಅಕ್ಕ


ಜೂನ್ ೬

ಏ ಅಕ್ಕ,

ಊರಿಗೆ ಉಪಕಾರಿ, ಮನೆಗೆ ಮಾರಿ. ಇದಕ್ಕಿಂತ ಒಳ್ಳೆ ಮಾತು ನಿನಗೆ ಹುಡುಕೋಕೆ ಆಗಲಿಲ್ಲ.

ನನ್ನ ಹಾಸಿಗೆಯಲ್ಲಿ ಈಗ ಬೇರೆ ಯಾರೋ ಇದ್ದಾನೆ. ನನ್ನನ್ನ ವರಾಂಡದಲ್ಲಿ, ಒಗೆಯೋಕೆ ಹಾಕಿದ ಬಟ್ಟೆಗಳ ರಾಶಿ ಪಕ್ಕ ಮಲಗಿಸಿದ್ದಾರೆ. ಅಲ್ಲಿಂದ ಬರೀತಾ ಇದ್ದೀನಿ. ನೀನು ಓದಲೇಬೇಕು.

ವ್ಯಾನಿನವನು ನನ್ನನ್ನ ಸೇತುವೆ ಹತ್ರ ಇಳಿಸಿದ. ರಿಬ್ಬನ್ನು, ಬಲೂನು, ಮೈಕು. ಮೇಷ್ಟ್ರು 'ಈ ದಾರಿ ಎಲ್ಲರದು' ಅಂತ ಮೂರು ಸಲ ಹೇಳಿದ್ರು. ಕತ್ತರಿಸಿದ್ದಾಯ್ತು, ಚಪ್ಪಾಳೆ ಆಯ್ತು, ಜನ ಎಲ್ಲ ಆ ಎರಡು ಕಂಬದ ಮಧ್ಯೆ ತೂರಿ ತೂರಿ ಹೋದ್ರು. ಬೇಕರಿಯವಳೂ ತೂರಿದಳು ಕಣೇ, ಆ ಗಾತ್ರದವಳು! ನಾನು ತಳ್ಕೊಂಡು ಹೋದೆ. ಗಾಲಿ ಕಲ್ಲಿಗೆ ತಗುಲಿ ನಿಲ್ತು. ಹಿಂದೆ ಬಂದೆ, ನೇರ ಮಾಡ್ಕೊಂಡೆ, ಮತ್ತೆ ಹೋದೆ. ಮತ್ತೆ ನಿಲ್ತು. ಹೆಬ್ಬೆರಳಗಲ ಸಾಲದು. ಅಷ್ಟೇ. ಹಿಂದೆ ಒಂದು ಮಗು ಸೈಕಲ್ ಗಂಟೆ ಹೊಡೀತಿತ್ತು, ದಾರಿ ಬಿಡು ಅಂತ.

ಆಗ ನೀನು ಬಂದೆ. ಏನು ಅಳು! ನನ್ನ ತಲೆ ಹಿಡ್ಕೊಂಡು 'ಅಯ್ಯೋ ನನ್ನ ದೊರೆ, ಈ ಹಾಳು ಬೈಕಿನವರಿಂದ ಹೀಗಾಯ್ತಲ್ಲಾ' ಅಂದೆ. ನಾಲ್ಕು ಜನ ಗಂಡಸರು ಕುರ್ಚಿ ಎತ್ತಿ ದಾಟಿಸೋಕೆ ಬಂದ್ರು. ನೀನು ಕೈ ಅಡ್ಡ ಹಿಡಿದೆ. 'ಬೇಡ್ರಪ್ಪ, ಜಾರಿ ನೀರಿಗೆ ಬಿದ್ರೆ? ನನಗಿರೋನು ಇವನೊಬ್ಬ. ಇವತ್ತು ಎತ್ತುತ್ತೀರಿ, ನಾಳೆ ಇವನಿಗೆ ಜ್ವರ ಬಂದ್ರೆ ಯಾರನ್ನ ಕರೀಲಿ? ಆಸ್ಪತ್ರೇಲೇ ಸುಖವಾಗಿರಲಿ' ಅಂದೆ. ಮೇಷ್ಟ್ರು ಕಣ್ಣೊರೆಸ್ಕೊಂಡ್ರು. ಎಂಥಾ ಅಕ್ಕ ಅಂದ್ರು. ನಾನೂ ನಂಬಿದೆ. ನಿನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದೆನಲ್ಲೇ, ನಾನು, ನಿನ್ನನ್ನ!

ವ್ಯಾನ್ ಹತ್ತಿಸೋಕೆ ಮೇಸ್ತ್ರಿ ಕೈ ಹಾಕಿದ. ಒಳ್ಳೆ ಮನುಷ್ಯ. 'ನನ್ನ ತಪ್ಪಲ್ಲ ಸ್ವಾಮಿ, ಅಮ್ಮ ಕೊಟ್ಟ ಅಳತೆ, ಕೂದಲೆಳೆಯಷ್ಟೂ ಆಚೀಚೆ ಮಾಡಿಲ್ಲ' ಅಂತ ಜೇಬಿಂದ ನನ್ನ ಲೇಸು ತೆಗೆದು ತೋರಿಸಿದ. ನನ್ನ ಎರಡು ಗಂಟು ಹಾಗೇ ಇದ್ವು. ಒಂದು ತುದಿಯಿಂದ ಹೆಬ್ಬೆರಳಗಲ ಒಳಗೆ ಮೂರನೇದು ಇತ್ತು. ಅಪ್ಪನ ಗಂಟು. ನಾನು ಹಾಕಿದ್ದಲ್ಲ. ಅಪ್ಪ ಸತ್ತು ಎಷ್ಟು ಕಾಲವಾಯ್ತು?

ಆ ಕಂಬ ಕೀಳಿಸು. ಇಲ್ಲದಿದ್ರೆ ಮೇಷ್ಟ್ರಿಗೆ ಬರೀತೀನಿ.


ಜೂನ್ ೧೭

ದೊರೆಗೆ,

ಬರಿ. ಮೇಷ್ಟ್ರಿಗೆ ಕನ್ನಡಕ ನಾನೇ ತಂದುಕೊಡ್ತೀನಿ.

ಕಂಬ ಕೀಳೋ ವಿಷಯ ಸಭೇಲಿ ನಾನೇ ಎತ್ತಿದೆ. ನನ್ನ ತಮ್ಮನಿಗೋಸ್ಕರ ಅಂದೆ. ಅಯ್ಯೋ ಪಾಪ ಅಂದವರೇ ಎಲ್ಲ, ಕೈ ಎತ್ತಿದವರು ಒಬ್ಬರೂ ಇಲ್ಲ. ಮೇಷ್ಟ್ರ ಹೆಂಡತಿ ಇನ್ನೂ ಕುಂಟ್ತಾ ಇದ್ದಾಳೆ. ಕಂಬ ಅಲ್ಲೇ ಇರುತ್ತೆ.

ಹೌದು, ಆ ಗಂಟು ಹಾಕಿದ್ದು ನಾನೇ. ಅಡಿಗೆಮನೇಲಿ ಕೂತು, ದೀಪ ಹತ್ತಿರ ಎಳ್ಕೊಂಡು ಹಾಕಿದೆ. ಬರಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತೀಯೇನೋ. ಒಡಹುಟ್ಟಿದವಳ ಬಾಯಲ್ಲಿ ಆ ಮಾತು ಬಂದಿದ್ರೆ ಊರು ಉಗೀತಿತ್ತು. ಕಲ್ಲು ಹೇಳಿದ್ರೆ ಯಾರೂ ಉಗಿಯಲ್ಲ. ನೀನು ಬಿಸಿ ತುಪ್ಪ ಕಣೋ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಅಮ್ಮ ಮಲಗಿದಾಗ ನೀನು 'ಮುಂದಿನ ತಿಂಗಳು ಬರ್ತೀನಿ' ಅಂತ ಬರೆದೆ. ಆಗ ನಿನಗೆ ಎರಡು ಕಾಲೂ ಇದ್ವು, ದಾರೀಲಿ ಕೆಸರಿದ್ರೂ ನಡೀಬಹುದಿತ್ತು. ಮುಂದಿನ ತಿಂಗಳು ಅಂತ ಬರೀತಾನೇ ಇದ್ದೆ. ಅಮ್ಮನ ಬೆನ್ನು ಹಣ್ಣಾಗಿ ಒಡೀತು. ಆ ವಾಸನೆ ನಿನಗೆ ಗೊತ್ತಿಲ್ಲ. ಸೋಪು ಹಾಕಿ ಉಜ್ಜಿದ್ರೂ ಉಗುರಿಂದ ಹೋಗಲ್ಲ, ಅನ್ನ ಕಲಸೋಕೆ ಕೈ ಹಾಕಿದ್ರೆ ಅಲ್ಲೂ ಅದೇ. ನಾನು ಊಟ ಬಿಟ್ಟುಬಿಟ್ಟಿದ್ದೆ. ಕೊನೇ ದಿನ ಅಮ್ಮ ನನ್ನ ಕೈ ಹಿಡ್ಕೊಂಡು 'ದೊರೆ, ಬಂದ್ಯಾ' ಅಂದ್ಲು. ಹೂಂ ಅಂದೆ. ಅಷ್ಟೆಲ್ಲ ಮಾಡಿದವಳ ಹೆಸರು ಆ ಬಾಯಲ್ಲಿ ಬರಲಿಲ್ಲ.

ಈಗ ನಾನು ಬೆಳಗಾಗೋವರೆಗೂ ನಿದ್ದೆ ಮಾಡ್ತೀನಿ. ಎದ್ದು ಬಾಗಿಲು ತೆಗೆದ್ರೆ ಜನ ಓಡಾಡ್ತಿರ್ತಾರೆ, ಕಾರ್ಯದರ್ಶಿಯಮ್ಮ ಅಂತ ಕೈ ಎತ್ತುತ್ತಾರೆ. ಮುಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೀನಿ. ಅಲ್ಲಿ ಒಂದು ಮೇಜು, ಒಂದು ಕುರ್ಚಿ, ನಾನು. ಮಂಚವನ್ನ ಗುಜರಿಗೆ ಹಾಕಿದೆ. ನನಗೆ ಇದು ಸಿಕ್ಕಿರೋದು ಐವತ್ತು ದಾಟಿದ ಮೇಲೆ, ನಾನು ಬಿಟ್ಟುಕೊಡಲ್ಲ.

ಅಮ್ಮನ ಆಣೆ ಇಟ್ಟು ಹೇಳ್ತೀನಿ ಕೇಳು. ಆ ಸಂದೀಲಿ ತೂರೋ ಕುರ್ಚಿ ತಗೊಂಡು ಬಾ, ನಾನೇ ಸೇತುವೆಗೆ ಬಂದು ತಳ್ಕೊಂಡು ಹೋಗ್ತೀನಿ, ನೀನು ಸಾಯೋವರೆಗೂ ನಿನ್ನ ಮೈ ಒರೆಸ್ತೀನಿ. ಅಲ್ಲೀವರೆಗೂ ಬಿಸಿನೀರು ಅಂತ ಬರೀಬೇಡ.

ಅಕ್ಕ


ಜುಲೈ ೩

ಅಕ್ಕ,

ಅಮ್ಮನ ಆಣೆ ಇಟ್ಟಿದ್ದೀಯ. ಆ ಹಾಳೆ ಮಡಚಿ ಜೇಬಲ್ಲಿ ಇಟ್ಕೊಂಡಿದ್ದೀನಿ, ಮೇಷ್ಟ್ರಿಗೆ ಮೈಕಲ್ಲಿ ಓದೋಕೆ ಕೊಡಬೇಕಾಗಿ ಬರಲ್ಲ ಅಂದ್ಕೋತೀನಿ.

ಕುರ್ಚಿ ಸಿಕ್ಕಿದೆ. ಮಕ್ಕಳ ವಾರ್ಡಿನದು, ಮೂಲೇಲಿ ಬಿದ್ದಿತ್ತು. ಅವತ್ತು ಮೇಸ್ತ್ರಿ ಕೈಯಿಂದ ಇಸ್ಕೊಂಡು ಬಂದಿದ್ದ ಲೇಸು ಹಿಡಿದು ನೋಡಿದೆ, ನನ್ನ ಗಂಟಿಂದ ನಿನ್ನ ಗಂಟಿಗೆ. ಆರಾಮಾಗಿ ತೂರುತ್ತೆ.

ನನಗೆ ಅದು ಇಕ್ಕಟ್ಟು. ಎರಡು ಆಯಾಗಳು ಸೇರಿ ತುರುಕಿ ಕೂರಿಸಬೇಕು, ಎರಡೂ ಪಕ್ಕದ ಕಬ್ಬಿಣ ತೊಡೆಗೆ ಕಚ್ಚಿ ಹಿಡಿಯುತ್ತೆ. ನರ್ಸಮ್ಮ ಕಾಲಿಗೆ ಬೀಳೋದೊಂದು ಬಾಕಿ. ಇದರಲ್ಲಿ ಕೂತ್ರೆ ನಾಲ್ಕೇ ದಿನಕ್ಕೆ ಚರ್ಮ ಹೋಗುತ್ತೆ, ಒಂದು ಸಲ ಹುಣ್ಣಾದ್ರೆ ಮೂಳೆವರೆಗೂ ಹೋಗುತ್ತೆ, ಮಾಯಲ್ಲ ಅಂದ್ಲು. ಎಲ್ಲಾ ನನ್ನ ಹೊಣೆ ಅಂತ ಸಹಿ ಹಾಕಿದೆ. ನಿನ್ನೆಯಿಂದ ಅದರಲ್ಲೇ ಕೂತು ಅಭ್ಯಾಸ ಮಾಡ್ತಿದ್ದೀನಿ. ಆಗಲೇ ಎರಡೂ ಕಡೆ ಕೆಂಪಗಾಗಿ ನೀರು ಒಸರ್ತಾ ಇದೆಯಂತೆ. ನನಗೆ ಏನೂ ಗೊತ್ತಾಗಲ್ಲ, ಸೊಂಟದ ಕೆಳಗೆ ನೋವಿಲ್ಲವಲ್ಲ. ವಾಸನೆ ಬಂದಾಗ ನಿನಗೆ ಗೊತ್ತಾಗುತ್ತೆ.

ಮುಲಾಮು ಅಲ್ಲಿ ಸಿಗಲ್ಲ ಅಂದಿದ್ದೆ. ತರ್ತಾ ಇಲ್ಲ.

ಗುರುವಾರ ಬೆಳಿಗ್ಗೆ ಸೇತುವೆ ಹತ್ರ ಇರು. ಬರೋವಾಗ ಒಲೆ ಮೇಲೆ ನೀರಿಟ್ಟು ಬಾ.

ದೊರೆ